ಮೈಕಿನಲ್ಲಿ ಕರೆಯದ ಹೆಸರು

ಜೂನ್ 23, ಸೋಮವಾರ

ಹೊಸ ಮೇಡಂ ಬಂದು ತಿಂಗಳು ಕೂಡ ಆಗಿಲ್ಲ, ಆಗಲೇ ಶಾಲೆಯ ಅಂಗಳದ ಬೇವಿನ ಗಿಡಕ್ಕೂ ಆಕೆಯ ಹೆಸರು ಗೊತ್ತಾಗಿದೆ. ಐಶ್ವರ್ಯ. ಗಂಗಾವತಿಯ ಅಕ್ಕಿ ವ್ಯಾಪಾರಸ್ಥರ ಮಗಳು, ಸಮಾಜ ವಿಜ್ಞಾನ ಕಲಿಸಲು ಬಂದವಳು. ಕೊಪ್ಪಳದಲ್ಲಿ ಮನೆ ಮಾಡಿಕೊಂಡು ಸ್ಕೂಟಿಯಲ್ಲಿ ಬರುತ್ತಾಳೆ. ನಾನೂ ಕೊಪ್ಪಳದಿಂದಲೇ ಬರುವವಳು. ಆದರೆ ಇರಕಲ್ಲಗಡದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಕ್ರಾಸಿನಲ್ಲಿ ಇಳಿದು, ಮಣ್ಣುದಾರಿ ನಡೆದು ಗೇಟು ಮುಟ್ಟುವಷ್ಟರಲ್ಲಿ ನನ್ನ ಸೀರೆಯ ಅಂಚು ಕೆಂಪಾಗಿರುತ್ತದೆ. ಆಕೆ ಒಂದು ನೆರಿಗೆಯೂ ಮುದುಡದೆ ಮಕ್ಕಳ ನಡುವೆ ನಗುತ್ತ ನಿಂತಿರುತ್ತಾಳೆ. ಹನ್ನೆರಡು ವರ್ಷ ಈ ಶಾಲೆಯಲ್ಲಿ ಕನ್ನಡ ಕಲಿಸಿದ್ದೇನೆ. ನನ್ನನ್ನು ನೋಡಿ ಒಂದು ಮಗುವೂ ಗೇಟಿನವರೆಗೆ ಓಡಿ ಬಂದದ್ದಿಲ್ಲ.

ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದಾರು. ಅನ್ನಲಿ. ಇದನ್ನು ಓದುವವರು ಯಾರಿದ್ದಾರೆ? ಗಂಡ ರವಿಕುಮಾರ ಗಿಣಿಗೇರಾದ ಫ್ಯಾಕ್ಟರಿಯಿಂದ ಬಂದರೆ ಪೇಪರಿನ ಮುಖವನ್ನೂ ನೋಡದೆ ಮಲಗುವ ಮನುಷ್ಯ. ಅತ್ತೆ ಫಕೀರಮ್ಮನಿಗೆ ಓದು ಬರುವುದಿಲ್ಲ. ಹೌದು, ಹೊಟ್ಟೆಕಿಚ್ಚೇ.

ಜೂನ್ 26, ಗುರುವಾರ

ನನ್ನ ತರಗತಿ ಒಂಬತ್ತನೆಯ ‘ಎ’. ಅವರು ಬರೆದ ‘ನಮ್ಮ ಊರು’ ಪ್ರಬಂಧ ತಿದ್ದಿದೆ. ನಮ್ಮ ಊರಿನ ಸುತ್ತ ಕಾಫಿ ತೋಟಗಳಿವೆಯಂತೆ. ಪಕ್ಕದಲ್ಲೇ ಜಲಪಾತ ಧುಮ್ಮಿಕ್ಕುತ್ತದಂತೆ. ಮುಂಜಾನೆ ಮಂಜು ಕವಿದು ದಾರಿ ಕಾಣುವುದಿಲ್ಲವಂತೆ. ಸಜ್ಜೆ, ಮೆಕ್ಕೆಜೋಳ ಬಿಟ್ಟರೆ ಬರೀ ಕಲ್ಲುಗುಡ್ಡ ಇರುವ ಊರಿನಲ್ಲಿ! ಅರ್ಧ ಕ್ಲಾಸು ಒಂದೇ ಗೈಡಿನಿಂದ ಇಳಿಸಿದೆ, ಉಳಿದರ್ಧ ಮೊಬೈಲಿನಿಂದ. ಸಿದ್ದಾರ್ಥನಂತೂ ‘ಇನ್ನಷ್ಟು ಓದಲು ಇಲ್ಲಿ ಕ್ಲಿಕ್ ಮಾಡಿ’ ಎಂಬುದನ್ನೂ ಬಿಟ್ಟಿಲ್ಲ. ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದು ಅಡಿಗೆರೆ ಬೇರೆ ಎಳೆದಿದ್ದಾನೆ.

ಚೆನ್ನಾಗಿ ಬೈದೆ. ಇನ್ನೊಬ್ಬರ ಮಾತು ತಂದು ನನ್ನದು ಅಂತ ಬರೆಯುವುದು ಕಳ್ಳತನ ಅಂದೆ. ಸಿದ್ದಾರ್ಥ ಎದ್ದು ನಿಂತ. ಮುಖದಲ್ಲಿ ಕಪಟವಿರಲಿಲ್ಲ.

“ಗೈಡಿನ್ಯಾಗ ಇದ್ದದ್ದ ಸರಿ ಉತ್ತರ ಅಲ್ಲೇನ್ರಿ ಟೀಚರ್? ನಮ್ಮದು ಬರದ್ರ ತಪ್ಪಾಗತೈತಲ್ರಿ?”

ಡಸ್ಟರಿನಿಂದ ಮೇಜು ಕುಟ್ಟಿದೆ. ಆಗ ಹಿಂದಿನ ಬೆಂಚಿನಿಂದ ಮೆಹರುನಬಿ ಬಾಯಿ ಬಿಟ್ಟಳು. ಊರೂರಿನ ಮದುವೆಗೆ ಮೈಕ್ ಕಟ್ಟುವ ಮೌಲಾಸಾಬನ ಮಗಳು. ವರ್ಷಕ್ಕೆ ಎರಡು ಮಾತಾಡಿದರೆ ಹೆಚ್ಚು.

“ಇದು ಆಯೇರಿ ಇದ್ದಂಗೇನ್ರಿ ಟೀಚರ್?”

“ಏನದು? ಎದ್ದು ನಿಂತ ಹೇಳು.”

“ಮದುವ್ಯಾಗ ಆಯೇರಿ ಕೊಟ್ಟವ್ರ ಹೆಸರ ನಮ್ಮಪ್ಪ ಮೈಕಿನ್ಯಾಗ ಕರಿತಾನಲ್ರಿ. ಕೊಡ ತಂದವ್ರು ಇಂಥಾ ಊರಿನ ಇಂಥವ್ರು, ಸೀರಿ ತಂದವ್ರು ಇಂಥವ್ರು ಅಂತ. ಕೊಡ ಇಟಗೊಂಡು ಹೆಸರ ಕರೀಲಿಲ್ಲಂದ್ರ ಅವ್ರಿಗೆ ಭಾಳ ಬ್ಯಾಸರ ಆಗತೈತ್ರಿ. ಉಣ್ಣಲಾರದ ಹೋಗಿಬಿಡ್ತಾರ. ಬ್ಯಾರೇದವ್ರ ಮಾತ ತಗೊಂಡ್ರೂ ಹಂಗ ಹೆಸರ ಕರೀಬೇಕಲ್ರಿ?”

ಕ್ಲಾಸು ನಕ್ಕಿತು. ನನಗೂ ನಗು ಬಂತು. “ಕುಂದ್ರು” ಅಂದೆ.

ಬಸ್ಸಿನಲ್ಲಿ ಬರುವಾಗ ಅಪ್ಪನ ನೆನಪಾಯಿತು. ನಾನು ಆಗ ಸಣ್ಣವಳು. ನಮ್ಮೂರಿನ ದೊಡ್ಡ ಮನೆಯ ಮದುವೆಗೆ ಅಪ್ಪ ಒಂದು ತಾಮ್ರದ ಕೊಡ ಒಯ್ದಿದ್ದ, ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿಸಿ. ಚಪ್ಪರದ ಅಂಚಿನಲ್ಲಿ, ನಮ್ಮಂಥವರು ಕೂರುವ ಜಾಗದಲ್ಲಿ, ಕಿವಿ ಕೊಟ್ಟು ಕೂತಿದ್ದ. ಎಲ್ಲರ ಹೆಸರೂ ಕರೆದರು. ಗ್ಯಾನಪ್ಪ ಎನ್ನುವ ಹೆಸರು ಬರಲೇ ಇಲ್ಲ. ಅಪ್ಪ ಎದ್ದು ನನ್ನ ಕೈ ಹಿಡಿದು ಹೊರಟ. ಗೋಧಿ ಹುಗ್ಗಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ನಾನು ದಾರಿಯುದ್ದಕ್ಕೂ ಅತ್ತೆ.

ಜುಲೈ 3, ಗುರುವಾರ

ಸ್ಟಾಫ್ ರೂಮಿನಲ್ಲಿ ಮೀಟಿಂಗು. ನಕಲು ಪ್ರಬಂಧ, ನಕಲು ಪ್ರಾಜೆಕ್ಟಿನದೇ ವಿಷಯ. ಹೆಡ್‌ಮಾಸ್ತರ್ ದೇವೇಂದ್ರಪ್ಪ ಸರ್, ಇನ್ನು ಮುಂದೆ ನಕಲು ಮಾಡಿದವರನ್ನು ಬಿಸಿಲಿಗೆ ನಿಲ್ಲಿಸೋಣ ಅಂದರು. ಐಶ್ವರ್ಯ ಮೇಡಂ ಕೈ ಎತ್ತಿದಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೈ ಎತ್ತುತ್ತಾರೆಯೇ?

“ನಕಲು ಅಂದ್ರ ಏನಂತ ಅವ್ರಿಗೆ ನಾವ ಹೇಳೇ ಇಲ್ರಿ ಸರ್. ನಾವು ಬೋರ್ಡಿನ ಮ್ಯಾಲ ಪ್ರಬಂಧ ಬರೀತೀವಿ, ಅವ್ರು ಹಂಗ ಇಳಸಕೋತಾರ. ಛಲೋ ಹುಡುಗ ಅಂತೀವಿ. ಗೈಡಿನಿಂದ ಇಳಿಸಿದ್ರ ಕಳ್ಳ ಅಂತೀವಿ. ಮಕ್ಕಳು ಏನಂತ ತಿಳಕೋಬೇಕ್ರಿ?”

ಬೋರ್ಡಿನ ಮೇಲೆ ಪ್ರಬಂಧ ಬರೆಯುವವಳು ಈ ಶಾಲೆಯಲ್ಲಿ ನಾನೊಬ್ಬಳೇ. ನನ್ನ ಪ್ರಬಂಧ ಬಾಯಿಪಾಠ ಮಾಡಿಯೇ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದ್ದಾರೆ. ಎಲ್ಲರೂ ನನ್ನ ಕಡೆ ನೋಡಿದಂತಾಯಿತು. ಸುಮ್ಮನೆ ಕೂರಲಾಗಲಿಲ್ಲ. “ನಾನು ಕ್ಲಾಸಿನ್ಯಾಗ ಆಗಲೇ ಹೇಳೀನ್ರಿ” ಅಂದವಳೇ ಆಯೇರಿಯ ಮಾತು ಹೇಳಿದೆ. ಮೌಲಾಸಾಬನ ಧ್ವನಿಯನ್ನೂ ಅಣಕಿಸಿದೆ. ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ದೇವೇಂದ್ರಪ್ಪ ಸರ್, “ಭಾಳ ಛಲೋ ಹೇಳಿದ್ರಿ ಸುರೇಖಾ ಮೇಡಂ” ಅಂದರು. ಹೊಸ ಮೇಡಂ ಕಣ್ಣರಳಿಸಿ ಕೇಳುತ್ತಿದ್ದಳು. ಬಹಳ ದಿನದ ಮೇಲೆ ಚಹಾ ರುಚಿಯಾಗಿತ್ತು.

ಹುಡುಗಿ ಹೇಳಿದ್ದು ಅಂತ ಹೇಳಬಹುದಿತ್ತು. ಹೇಳಿದ್ದರೆ ಮಾತಿನ ಮಜವೇ ಹೋಗುತ್ತಿತ್ತು. ಅಷ್ಟಕ್ಕೂ ಅವಳು ಆಡಿದ್ದು ಅರ್ಧಂಬರ್ಧ. ಜೋಡಿಸಿದ್ದು ನಾನು.

ಜುಲೈ 11, ಶುಕ್ರವಾರ

‘ಬಿ’ ವಿಭಾಗದ ಕಿಟಕಿ ದಾಟಿ ಬರುತ್ತಿದ್ದೆ. ಒಳಗೆ ಪಾಠ ಹೇಳುತ್ತಿದ್ದ ಐಶ್ವರ್ಯಳ ಮಾತು ಕಿವಿಗೆ ಬಿತ್ತು. ನಿಂತು ಕೇಳಿದೆ, ಕದ್ದು ಅಂತಲೇ ಬರೆದುಕೊಳ್ಳುತ್ತೇನೆ.

“ಪುಸ್ತಕ ಓದಿದ್ರಿ? ಈಗ ಮುಚ್ಚರಿ. ಬಾಜೂಕ ಕುಂತವ್ರಿಗೆ ನಿಮ್ಮ ಮಾತಿನ್ಯಾಗ ಹೇಳ್ರಿ. ಆಮ್ಯಾಲ ಬರೀರಿ. ಪುಸ್ತಕದ ಮಾತು ಹೆಂಗೈತೋ ಹಂಗ ಬೇಕಂದ್ರ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕ್ರಿ. ನಿಮ್ಮ ಮಾತಿನ್ಯಾಗ ಬರದ್ರೂ ವಿಷಯ ಕೊಟ್ಟವ್ರ ಆಯೇರಿ ಕೆಳಗ ಕರೀಲೇಬೇಕು.”

ಆಯೇರಿ! ನನ್ನ ಮಾತು, ಆಕೆಯ ಬಾಯಲ್ಲಿ! ಗೋಡೆಯ ಮೇಲೆ ದೊಡ್ಡ ಚಾರ್ಟು. ಮೈಕಿನ ಚಿತ್ರ, ಸುತ್ತ ಮಾವಿನ ತೋರಣ, ನಡುವೆ ‘ಆಯೇರಿ ಕರೆಯೋಣ’ ಎಂಬ ತಲೆಬರಹ. ಕೆಳಗಿನ ಭಾಗ ಬೆಂಚಿನ ಮರೆಯಲ್ಲಿತ್ತು. ಮೇಲರ್ಧ ನೋಡಿಯೇ ಮೈ ಉರಿಯಿತು.

ಒಬ್ಬ ಹುಡುಗ ಕೇಳಿದ, “ಮುನಿರಾಬಾದಿನ್ಯಾಗ ಡ್ಯಾಮ್ ಐತಿ ಅಂತ ಬರದ್ರ ಅದಕ್ಕೂ ಆಯೇರಿ ಕರೀಬೇಕೇನ್ರಿ ಮೇಡಂ?”

“ಬ್ಯಾಡಪಾ. ಅದು ಎಲ್ಲಾರಿಗೂ ಗೊತ್ತಿದ್ದದ್ದು. ಮದುವಿ ಅನ್ನ ಇದ್ದಂಗ. ಅದನ್ನ ಯಾರೂ ಯಾರ ಹೆಸರ ಹೇಳಿ ಉಣ್ಣಂಗಿಲ್ಲ.”

ಆ ಉತ್ತರ ಚೆನ್ನಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಏರಿತು. ಕಳ್ಳತನ ಮಾಡಬೇಡಿ ಅಂತ ಪಾಠ ಹೇಳುವವಳೇ ಕಳ್ಳಿ!

ಜುಲೈ 12, ಶನಿವಾರ

ಅದೇ ಸಿಟ್ಟು. ಬೆಂಡೆಕಾಯಿ ಹೊತ್ತಿಸಿದೆ. ಅತ್ತೆ ಬಾಣಲೆ ನೋಡಿ, “ಸಾಲ್ಯಾಗಿನ ಉರಿ ಒಲಿಮ್ಯಾಲ ತರಬ್ಯಾಡ ತಂಗಿ” ಅಂದರು.

ಜುಲೈ 19, ಶನಿವಾರ

ಕೊಪ್ಪಳದಿಂದ ಒಬ್ಬ ಅಧಿಕಾರಿ ಬಂದಿದ್ದರು. ‘ಬಿ’ ವಿಭಾಗದ ಪ್ರಬಂಧಗಳನ್ನು ಓದಿ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಮೇಘಾ ಎಂಬ ಹುಡುಗಿ ತಮ್ಮೂರಿನ ಬಗ್ಗೆ ಬರೆದಿದ್ದಾಳೆ. ಕಾಫಿ ಇಲ್ಲ, ಜಲಪಾತ ಇಲ್ಲ. ಗುಡ್ಡದ ಮೇಲೆ ಕರಡಿ ಬಂದಾಗ ಅವಳ ಅಜ್ಜಿ ತಾಟು ಬಡಿದು ಓಡಿಸಿದ್ದು ಇದೆ. ಕೆಳಗೆ ಸಾಲಾಗಿ ಆಯೇರಿ: ಕರಡಿಯ ಸಂಗತಿ ಹೇಳಿದವರು ಅಜ್ಜಿ ಹೊಳಿಯಮ್ಮ, ಗುಡ್ಡದ ವಿಷಯ ಸಮಾಜ ವಿಜ್ಞಾನ ಪುಸ್ತಕದ್ದು. ಒಬ್ಬ ಹುಡುಗ ಪೆನ್ನು ಕೊಟ್ಟವನ ಹೆಸರನ್ನೂ ಕರೆದಿದ್ದಾನಂತೆ. ಅಧಿಕಾರಿಗಳು ಅದಕ್ಕೂ ನಕ್ಕರಂತೆ.

ಆಗಸ್ಟ್ 12ಕ್ಕೆ ಕೊಪ್ಪಳದಲ್ಲಿ ಜಿಲ್ಲಾ ಮಟ್ಟದ ಕಾರ್ಯಾಗಾರ. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲ ಕಡೆಯ ಶಿಕ್ಷಕರು ಬರುತ್ತಾರೆ. ಅಲ್ಲಿ ‘ಆಯೇರಿ ಪದ್ಧತಿ’ಯನ್ನು ಐಶ್ವರ್ಯ ಮೇಡಂ ಹೇಳಬೇಕಂತೆ. ನನ್ನ ಆಯೇರಿ! ನನ್ನ ಮಾತು ಹೊತ್ತುಕೊಂಡು ಆಕೆ ವೇದಿಕೆಗೆ ಹೋಗುತ್ತಾಳೆ, ನಾನು ಇಲ್ಲಿ ಹಾಜರಿ ಕರೆಯುತ್ತ ಕೂರಬೇಕು. ಜೀವನದಲ್ಲಿ ಒಂದು ಸಲ ನನ್ನ ಹೆಸರನ್ನು ಮೈಕಿನಲ್ಲಿ, ತುಂಬಿದ ಸಭೆಯಲ್ಲಿ ಕರೆಯುವುದನ್ನು ಕೇಳಬೇಕು. ಇಷ್ಟೇ ನನ್ನ ಆಸೆ. ಇದು ದೊಡ್ಡದೇ?

ಈ ವಾರ ಬೋರ್ಡಿನ ಮೇಲೆ ಪ್ರಬಂಧ ಬರೆಯಲಿಲ್ಲ. ಕೈ ನೋಯುತ್ತಿತ್ತು. ನೀವೇ ಏನಾದರೂ ಬರೆದುಕೊಂಡು ಬನ್ನಿ ಅಂದೆ. ಸಿದ್ದಾರ್ಥ ಅವರ ಎಮ್ಮೆ ನಾಲೆಗೆ ಬಿದ್ದದ್ದನ್ನು ಬರೆದ. ತಪ್ಪುಗಳ ರಾಶಿ. ಎರಡು ಸಲ ಓದಿದೆ.

ಜುಲೈ 30, ಬುಧವಾರ

ತಡೆಯಲಾಗದೆ ಇವತ್ತು ಹೇಳಿಯೇಬಿಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರು. ಆಕೆ ನನಗೆ ಮಾವಿನ ಉಪ್ಪಿನಕಾಯಿ ನೀಡಲು ಬಂದಳು.

“ನಿಮ್ಮ ಉಪ್ಪಿನಕಾಯಿ ನನಗ ಬ್ಯಾಡ್ರಿ. ಮೊದ್ಲ ನನ್ನ ಮಾತ ನನಗ ತಿರುಗಿ ಕೊಡ್ರಿ.”

“ಯಾವ ಮಾತ್ರಿ ಅಕ್ಕಾ?”

“ಆಯೇರಿ ಮಾತು. ನಾನು ಈ ರೂಮಿನ್ಯಾಗ ಹೇಳಿದ್ದು. ಅದನ್ನ ಕದ್ದು ಚಾರ್ಟ್ ಮಾಡಿ ಗ್ವಾಡಿಗೆ ಹಚ್ಚೀರಲ್ಲ, ನಾಚಿಕಿ ಆಗಂಗಿಲ್ಲೇನ್ರಿ?”

ಡಬ್ಬಿಗಳ ಸದ್ದು ನಿಂತಿತು. ಆಕೆಯ ಕಣ್ಣಲ್ಲಿ ನೀರು ಬಂತು, ಆದರೂ ದನಿ ಏರಲಿಲ್ಲ. “ಬರ್ರಿ ಅಕ್ಕಾ” ಅಂತ ನನ್ನ ಕೈ ಹಿಡಿದು ‘ಬಿ’ ವಿಭಾಗಕ್ಕೆ ಕರೆದೊಯ್ದಳು. ಬೆಂಚು ಸರಿಸಿದಳು. ಚಾರ್ಟಿನ ಕೆಳಗೆ, ಮಕ್ಕಳ ಪ್ರಬಂಧದಲ್ಲಿ ಇರುವಂತೆಯೇ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಈ ಮಾತಿನ ಆಯೇರಿ: ನಮ್ಮ ಕನ್ನಡ ಶಿಕ್ಷಕಿ ಸುರೇಖಾ ಮೇಡಂ ಅವರಿಂದ.’

“ಮೊದಲನೇ ದಿನಾನ ಬರಸೀನ್ರಿ. ಆಫೀಸರ್ ಬಂದಾಗೂ ನಿಮ್ಮ ಹೆಸರ ಹೇಳೀನಿ. ನೀವು ಅವತ್ತ ಸ್ಟಾಫ್ ರೂಮಿನಿಂದ ಹೊರಗ ಬರಲಿಲ್ಲಲ್ರಿ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಿದೆ, ಹೇಗೆ ಕೇಳಿದೆನೋ ದೇವರಿಗೇ ಗೊತ್ತು. ಆಕೆ ನಕ್ಕು, ಸ್ಟಾಫ್ ರೂಮಿಗೆ ಕರೆತಂದು ಉಪ್ಪಿನಕಾಯಿ ಬಡಿಸಿದಳು. ತಿಂದೆ.

ಆಕೆ ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಸ್ಕೂಟಿ ಆಕೆಯದು, ಮಕ್ಕಳು ಆಕೆಯವರು, ಈಗ ಒಳ್ಳೆಯತನವೂ ಆಕೆಯದೇ. ನನಗೆ ಏನು ಉಳಿಯಿತು? ಇವತ್ತಿನ ಹೊಟ್ಟೆಕಿಚ್ಚಿನ ಮುಂದೆ ಜೂನಿನದು ಏನೂ ಅಲ್ಲ.

ಆಗಸ್ಟ್ 7, ಗುರುವಾರ

ದೇವೇಂದ್ರಪ್ಪ ಸರ್ ನನ್ನನ್ನೂ ಕಾರ್ಯಾಗಾರಕ್ಕೆ ಕಳಿಸುತ್ತಾರೆ. ಐಶ್ವರ್ಯಳೇ ಹೋಗಿ ಕೇಳಿದಳಂತೆ. ಮಕ್ಕಳು ಬರೆದದ್ದನ್ನು ಓದಿಸಲು ‘ಬಿ’ಯಿಂದ ಮೇಘಾ. ‘ಎ’ಯಿಂದ ಯಾರು ಅಂದಾಗ ಮೆಹರುನಬಿಯ ಹೆಸರು ಹೇಳಿದೆ. ಅವಳ ಓದು ಸ್ಪಷ್ಟ, ಅಪ್ಪನ ದನಿ ಬಂದಿದೆ.

ನೀಲಿ ಇಳಕಲ್ ಸೀರೆ ತೆಗೆದಿಟ್ಟೆ. ಅತ್ತೆ ಕೇಳಿದರು, ಏನು ಹೇಳುತ್ತೀ ಅಲ್ಲಿ ಅಂತ. ಆಯೇರಿ ಮಾತು ಅಂದೆ. ಅದು ಹೇಗೆ ಹೊಳೆಯಿತು ಅಂದರು. ಅಪ್ಪನ ಕೊಡದಿಂದ ಅಂದೆ. ನಿಜವೇ ತಾನೆ? ಆ ಕೊಡ ನನ್ನ ಹೊಟ್ಟೆಯಲ್ಲಿ ಇಷ್ಟು ವರ್ಷ ಇತ್ತು. ಆ ಮಾತು ಅಲ್ಲಿಂದಲೇ ಹುಟ್ಟಿದ್ದು.

“ನೆನಪ ಅನ್ನೂದು ಬಾಡಿಗಿ ಮನಿ ಇದ್ದಂಗ, ಇದ್ದವ್ರು ತಮ್ಮದ ಅಂತಾರ” ಅಂದರು ಅತ್ತೆ. ಯಾಕೆ ಅಂದರೋ ಗೊತ್ತಿಲ್ಲ. ಮಾತು ಚೆನ್ನಾಗಿದೆ ಅಂತ ಬರೆದಿಟ್ಟೆ. ಆಯೇರಿ: ಅತ್ತೆ ಫಕೀರಮ್ಮ. ಅಯ್ಯೋ, ಈ ಚಟ ನನಗೂ ಅಂಟಿತು.

ಆಗಸ್ಟ್ 12, ಮಂಗಳವಾರ

ಕರೆದರು! ನನ್ನ ಹೆಸರು ಕರೆದರು!

ಸಭಾಂಗಣ ಕಿಕ್ಕಿರಿದಿತ್ತು. ಐಶ್ವರ್ಯ ಮೈಕ್ ಹಿಡಿದು, “ಈ ಪದ್ಧತಿಯ ಮೂಲ ಮಾತು ನನ್ನದಲ್ಲ. ಅದನ್ನು ಕೊಟ್ಟವರು ನಮ್ಮ ಸುರೇಖಾ ಮೇಡಂ” ಅಂದಳು. ಚಪ್ಪಾಳೆ. ಎದ್ದು ನಿಂತೆ. ಯಲಬುರ್ಗಾದ ಒಬ್ಬ ಹಿರಿಯ ಮಾಸ್ತರರು ಕೇಳಿದರು, “ಇಂಥಾ ಮಾತು ನಿಮಗ ಹೆಂಗ ಹೊಳೀತ್ರಿ ಮೇಡಂ?”

ಮೈಕ್ ನನ್ನ ಕೈಗೆ ಬಂತು. ಅಪ್ಪನ ಕೊಡದ ಸಂಗತಿ ಹೇಳಿದೆ. ಬೆಳಗಿಸಿದ್ದು, ಚಪ್ಪರದ ಅಂಚು, ಬಾರದ ಹೆಸರು, ಹುಗ್ಗಿಯ ವಾಸನೆ, ಎಲ್ಲ. ಮುಂದಿನ ಸಾಲಿನ ಒಬ್ಬ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಿದ್ದ ಚಪ್ಪಾಳೆ ಐಶ್ವರ್ಯಳಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು, ನಾನು ಗಮನಿಸಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಮೇಘಾ, ಮೆಹರುನಬಿ ಇಬ್ಬರೂ ಚೆನ್ನಾಗಿ ಓದಿದರು. ಬೆಳಿಗ್ಗೆ ಮಕ್ಕಳನ್ನು ಕರೆತರಲು ಊರಿಗೆ ಹೋಗಿದ್ದೆ. ಬರುವಾಗ ಮೆಹರುನಬಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು, “ನಮ್ಮಪ್ಪನ ಮೈಕಿನ ಮಾತೂ ಹೇಳ್ತೀರೇನ್ರಿ ಟೀಚರ್?” ಅಂತ ಕೇಳಿದ್ದಳು. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ, ನೋಡೋಣ ಅಂದೆ. ಮಧ್ಯಾಹ್ನ ಊಟ ಭರ್ಜರಿಯಾಗಿತ್ತು. ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಗೋಧಿ ಹುಗ್ಗಿ. ಮೇಘಾ ಎರಡು ಸಲ ಹಾಕಿಸಿಕೊಂಡಳು. ಮೆಹರುನಬಿ ತಾಟು ಮುಟ್ಟಲಿಲ್ಲ. “ಯಾಕ, ಉಣ್ಣು” ಅಂದೆ. “ಹಸಿವಿಲ್ರಿ ಟೀಚರ್” ಅಂದಳು. ಬಸ್ಸಿನ ವಾಸನೆಗೆ ಹೊಟ್ಟೆ ತೊಳೆಸಿರಬೇಕು.

ನಾನಂತೂ ಹುಗ್ಗಿಯನ್ನು ಹೊಟ್ಟೆ ತುಂಬ ಉಂಡೆ. ಅವತ್ತಿನದನ್ನೂ ಸೇರಿಸಿ.

ಆಗಸ್ಟ್ 13, ಬುಧವಾರ

ಆಗಸ್ಟ್ ಹದಿನೈದರಂದು ಧ್ವಜಾರೋಹಣದ ಹೊತ್ತಿಗೆ ಊರಿನವರೆಲ್ಲರ ಎದುರು ನನಗೂ ಐಶ್ವರ್ಯಳಿಗೂ ಶಾಲು ಹೊದಿಸುತ್ತಾರಂತೆ. ಮೊದಲು ನನಗೆ, ಅಂದರು ದೇವೇಂದ್ರಪ್ಪ ಸರ್. ನನಗೇ ಮೊದಲು!

ಸಂಜೆ ನಮ್ಮೂರು ನವಲಿಗೆ ಫೋನು ಮಾಡಿ ಅಪ್ಪನಿಗೆ ಹೇಳಿದೆ.

“ನಿನ್ನ ಹೆಸರ ಕರದ್ರಾ ಯವ್ವಾ? ಮೈಕಿನ್ಯಾಗ?”

“ಕರದ್ರಪ್ಪ. ನಿನ್ನ ಹೆಸರೂ ನಾ ಹೇಳಿದೆ. ಕೊಡದ ಸಂಗತಿ ಹೇಳಿದೆ.”

ಅಪ್ಪ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ, ವಯಸ್ಸಾದವರು ಕೇಳುವಂತೆ ಕೇಳಿದ.

“ಸಾಲಿ ಹುಡುಗ್ರೂ ಬಂದಿದ್ವೇನು? ಎಲ್ಲಾರೂ ಉಂಡ್ರಾ?”

“ಒಬ್ಬಾಕಿ ಉಣ್ಣಲಿಲ್ಲಪ್ಪ.”

“ಯಾಕ?”

ಬಸ್ಸಿನ ವಾಸನೆಗೆ ಅನ್ನಲು ಬಾಯಿ ತೆರೆದೆ. ‘ಉಣ್ಣಲಾರದ ಹೋಗಿಬಿಡ್ತಾರ’ ಅಂತ ಹಿಂದಿನ ಬೆಂಚಿನಲ್ಲಿ ನಿಂತು ಹೇಳಿದವಳು ಯಾರು? ಆ ದಿನ ಕ್ಲಾಸಿನಲ್ಲಿ ಆಯೇರಿ ಎನ್ನುವ ಪದ ಮೊದಲು ಯಾರ ಬಾಯಿಂದ ಬಂತು? “ಗೊತ್ತಿಲ್ಲಪ್ಪ” ಅಂದು ಫೋನು ಇಟ್ಟೆ.

ಗೊತ್ತಿತ್ತು. ಅಪ್ಪನ ಕೊಡ ನನ್ನದು. ಮಾತು ಮೆಹರುನಬಿಯದು. ಐಶ್ವರ್ಯ ತೆಗೆದುಕೊಂಡದ್ದಕ್ಕೆ ಹೆಸರು ಕರೆದಳು, ಆಕೆಯನ್ನು ಕಳ್ಳಿ ಅಂದೆ. ಕರೆಯದೆ ಇಟ್ಟುಕೊಂಡವಳು ನಾನು. ಅದೂ ಅಪ್ಪನ ಕತೆ ಹೇಳಿಕೊಂಡು! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಗಸ್ಟ್ 14, ಗುರುವಾರ

ನಾಳೆಯ ಸಮಾರಂಭಕ್ಕೆ ಮೌಲಾಸಾಬ ಮೈಕ್ ಕಟ್ಟಲು ಬಂದಿದ್ದ. ಬೇವಿನ ಗಿಡ ಹತ್ತಿ ಕೊಂಬೆಗೆ ಸ್ಪೀಕರ್ ಬಿಗಿಯುತ್ತಿದ್ದ. ನನ್ನನ್ನು ನೋಡಿ ಇಳಿದು ಬಂದ.

“ನಮ್ಮ ಹುಡುಗಿ ಕೊಪ್ಪಳಕ್ಕ ಹೋಗಿ ಬಂದಾಗಿಂದ ಮಾತ ಆಡವಲ್ದರಿ ಟೀಚರ್. ಹೋಗೂಮುಂದ, ನನ್ನ ಮಾತ ಅಲ್ಲಿ ಹೇಳ್ತಾರ, ನಿನ್ನ ಮೈಕಿನ ಸುದ್ದೀನೂ ಬರತೈತಿ ಅಬ್ಬಾ ಅಂತ ಕುಣದಾಡಿತ್ತು. ಓದೂವಾಗ ಏನಾರ ತಪ್ಪ ಮಾಡಿತೇನ್ರಿ?”

“ಇಲ್ಲ. ಆಕಿ ಏನೂ ತಪ್ಪ ಮಾಡಿಲ್ಲ” ಅಂದೆ. ಅಷ್ಟೇ ಅಂದು ಬಂದೆ. ಅಲ್ಲೇ ಹೇಳಿಬಿಡಬಹುದಿತ್ತು. ಗಿಡದ ಕೆಳಗೆ ಒಬ್ಬನ ಕಿವಿಯಲ್ಲಿ ಹೇಳಿದರೆ ಮುಗಿಯುತ್ತಿತ್ತು, ಶಾಲೂ ಉಳಿಯುತ್ತಿತ್ತು. ಆ ಆಸೆ ಬರಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ಆದರೆ ಮೈಕಿನಲ್ಲಿ ನುಂಗಿದ್ದನ್ನು ಗಿಡದ ಕೆಳಗೆ ಕಕ್ಕಿದರೆ ಏನು ಬಂತು?

ಆಗಸ್ಟ್ 15, ಶುಕ್ರವಾರ

ಧ್ವಜ ಏರಿತು. ಊರಿನ ಅರ್ಧ ಜನ ಅಂಗಳದಲ್ಲಿದ್ದರು. ದೇವೇಂದ್ರಪ್ಪ ಸರ್ ಮೈಕಿನಲ್ಲಿ ನನ್ನ ಹೆಸರು ಕರೆದರು. ಗಿಡದ ಮೇಲಿನ ಸ್ಪೀಕರಿನಿಂದ ಅದು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಎಷ್ಟು ಚೆನ್ನಾಗಿ ಕೇಳುತ್ತಿತ್ತು! ಅದನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸಿತು.

ಶಾಲು ಬಿಚ್ಚುವ ಮೊದಲೇ ಮೈಕ್ ಈಸಿಕೊಂಡೆ.

“ಒಂದು ಆಯೇರಿ ಕರೆಯುವುದು ಬಾಕಿ ಇದೆ” ಅಂದೆ. ಮುಂದಿನದು ತಾನಾಗಿಯೇ ಮದುವೆಯ ದನಿಯಲ್ಲಿ ಬಂತು. “ಇದೇ ಊರಿನ ಮೈಕ್ ಸೆಟ್ಟಿನ ಮೌಲಾಸಾಬರ ಮಗಳು, ಒಂಬತ್ತನೇ ‘ಎ’ ವಿಭಾಗದ ಮೆಹರುನಬಿ ಅವರಿಂದ, ನಮ್ಮ ಶಾಲೆಗೆ, ಒಂದು ಮಾತು!”

ಜನ ನಕ್ಕರು, ತಮಾಷೆ ಅಂದುಕೊಂಡರು. ನಾನು ನಗದೆ ಇದ್ದದ್ದನ್ನು ನೋಡಿ ಸುಮ್ಮನಾದರು. ಆಯೇರಿಯ ಮಾತು ಅವಳದು, ಜೂನಿನಲ್ಲಿ ನನ್ನ ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ್ದಳು, ನಾನು ಅದನ್ನು ಇಟ್ಟುಕೊಂಡು ಕೊಪ್ಪಳದಲ್ಲೂ ಅವಳ ಹೆಸರು ಕರೆಯಲಿಲ್ಲ ಅಂದೆ. ನನ್ನ ಅಪ್ಪನಿಗೆ ಆದದ್ದನ್ನೇ ಆ ಹುಡುಗಿಗೆ ಮಾಡಿದೆ ಅಂದೆ. ಮೈಕ್ ಕೀಂ ಎಂದು ಕೂಗಿತು. ಮೌಲಾಸಾಬ ಗುಂಡಿ ತಿರುಗಿಸುವುದು ಮರೆತು ನಿಂತಿದ್ದ.

ಮೆಹರುನಬಿ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಿದ್ದಳು. ಮೇಘಾ ಅವಳನ್ನು ಮುಂದಕ್ಕೆ ನೂಕಿದಳು. ಶಾಲು ಅವಳಿಗೆ ಹೊದಿಸಿದೆ. ನೆಲದವರೆಗೆ ಬಂತು.

ದೇವೇಂದ್ರಪ್ಪ ಸರ್ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಸ್ಟಾಫ್ ರೂಮಿನಲ್ಲಿ ಇಬ್ಬರು ಗುಸುಗುಸು ಅಂದರು. ಐಶ್ವರ್ಯ ಮಾತ್ರ ಚಾರ್ಟು ತೆಗೆದು ನನ್ನ ಹೆಸರಿನ ಮೇಲೆ ಮೆಹರುನಬಿಯ ಹೆಸರು ಬರೆದಳು. ನನ್ನದನ್ನು ಹೊಡೆದು ಹಾಕಲಿಲ್ಲ. “ನನಗ ತಂದು ಮುಟ್ಟಿಸಿದವ್ರು ನೀವಲ್ಲೇನ್ರಿ ಅಕ್ಕಾ” ಅಂದಳು. ಹೊಡೆದು ಹಾಕಿದ್ದರೆ ಒಂದೆರಡು ಬೈಯಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ. ಆಕೆಯ ನೆರಿಗೆ ಇವತ್ತೂ ಮುದುಡಿರಲಿಲ್ಲ. ಸಂಜೆ ಸ್ಕೂಟಿಯಲ್ಲಿ ಬಿಡುತ್ತೇನೆ ಬನ್ನಿ ಅಂದಳು. ಹಿಂದೆ ಕೂತು ಬಂದೆ.

ಅದಕ್ಕೂ ಮೊದಲು ಬೆಳಿಗ್ಗೆ, ಸಮಾರಂಭ ಮುಗಿದ ಮೇಲೆ ಉಪ್ಪಿಟ್ಟು, ಶಿರಾ ಹಂಚಿದರು. ನಾನು ಕಂಬದ ಹತ್ತಿರ ನಿಂತು ನೋಡುತ್ತಿದ್ದೆ. ಮೆಹರುನಬಿ ಶಾಲನ್ನು ಮಡಚಿ ಅಪ್ಪನ ಕೈಗೆ ಕೊಟ್ಟು ಸಾಲಿನಲ್ಲಿ ನಿಂತಳು. ತಾಟು ತಂದು ಬೇವಿನ ಗಿಡದ ಕೆಳಗೆ ಕೂತಳು. ಉಪ್ಪಿಟ್ಟು ಖಾಲಿ ಮಾಡಿದಳು. ಆಮೇಲೆ ಎದ್ದು ಹೋಗಿ ಇನ್ನೊಂದು ಸಲ ಶಿರಾ ಹಾಕಿಸಿಕೊಂಡು ಬಂದಳು.